ಟಿಐಎಫ್1-ಗ್ಯಾಮಾ ಪಾಸಿಟಿವ್ ಅಂದರೆ ಕ್ಯಾನ್ಸರ್ ಅಂತಲೇನಾ?

ಡರ್ಮಟೋಮಯೋಸೈಟಿಸ್ ಅಂದರೆ ರೋಗನಿರೋಧಕ ವ್ಯವಸ್ಥೆಯೇ ಚರ್ಮ, ಸ್ನಾಯುಗಳ ಮೇಲೆ ಬೀಳುವ ರೋಗ. ಇದರಲ್ಲಿ ಕಣ್ಣರೆಪ್ಪೆಯ ನೇರಳೆ ಬಣ್ಣ, ಬೆರಳ ಗೆಣ್ಣಿನ ಮೇಲಿನ ಗಾಟ್ರನ್ ಗುಳ್ಳೆ, ಕೈ ಎತ್ತಿ ತಲೆ ಬಾಚಿಕೊಳ್ಳಲು ಆಗದಿರುವುದು, ಇಷ್ಟು ಎಲ್ಲರಿಗೂ ನೆನಪಿರುತ್ತದೆ. ತಲೆ ಕೆಡುವುದು ಆಂಟಿಬಾಡಿಗಳ (ದೇಹದ್ದೇ ಪ್ರೋಟೀನ್‌ಗಳ ವಿರುದ್ಧ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳು) ಪಟ್ಟಿ ಬಂದಾಗ.

ಮುಖ್ಯವಾದದ್ದು ಟಿಐಎಫ್1-ಗ್ಯಾಮಾ ಅನ್ನುವ ಪ್ರೋಟೀನ್ ವಿರುದ್ಧದ ಆಂಟಿಬಾಡಿ. ಹಳೆಯ ಪುಸ್ತಕದಲ್ಲಿ ಪಿ155/140 ಅಂತ ಇದ್ದರೆ ಅದೂ ಇದೇ, ಗಾಬರಿ ಬೇಡ. 2012ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ ಕ್ಯಾನ್ಸರ್ ಗುರುತಿಸುವಲ್ಲಿ ಇದರ ಸೆನ್ಸಿಟಿವಿಟಿ (ಕ್ಯಾನ್ಸರ್ ಇರುವವರಲ್ಲಿ ಪಾಸಿಟಿವ್ ಬರುವವರು) 78%, ಸ್ಪೆಸಿಫಿಸಿಟಿ (ಕ್ಯಾನ್ಸರ್ ಇಲ್ಲದವರಲ್ಲಿ ನೆಗೆಟಿವ್ ಬರುವವರು) 89% ಬಂತು. ಇಲ್ಲೇ ನಾನು ಎಡವಿದ್ದು. ಪಾಸಿಟಿವ್ ಬಂದವರಲ್ಲಿ 78% ಜನಕ್ಕೆ ಕ್ಯಾನ್ಸರ್ ಅಂದುಕೊಂಡಿದ್ದೆ. ಅಲ್ಲ! ಸುಮ್ನೆ ಲೆಕ್ಕಕ್ಕೆ 100 ರೋಗಿಗಳು, ಅವರಲ್ಲಿ 20 ಜನಕ್ಕೆ ಕ್ಯಾನ್ಸರ್ ಅಂತ ಇಟ್ಟುಕೊಳ್ಳಿ. ಆ 20ರಲ್ಲಿ ಸುಮಾರು 16 ಜನ ಪಾಸಿಟಿವ್, ಉಳಿದ 80ರಲ್ಲಿ 11% ಅಂದರೆ ಸುಮಾರು 9 ಜನ ಕ್ಯಾನ್ಸರ್ ಇಲ್ಲದೆಯೂ ಪಾಸಿಟಿವ್. ಅಲ್ಲಿಗೆ 25 ಪಾಸಿಟಿವ್‌ನಲ್ಲಿ 9 ಜನಕ್ಕೆ ಕ್ಯಾನ್ಸರ್ ಇಲ್ಲ, ನೆಗೆಟಿವ್ ಬಂದ 75 ಜನರಲ್ಲಿ 4 ಜನಕ್ಕೆ ಇದೆ. ಆ ನಾಲ್ಕು ಜನರನ್ನು ಮರೆಯಬೇಡಿ, ಮುಂದೆ ಬೇಕಾಗುತ್ತದೆ.

ಈ ಆಂಟಿಬಾಡಿಗೂ ಕ್ಯಾನ್ಸರ್‌ಗೂ ಯಾಕೆ ನಂಟು ಅನ್ನುವುದಕ್ಕೆ ಒಂದು ಒಳ್ಳೆಯ ಊಹೆ ಇದೆ. ಗೆಡ್ಡೆಯ ಕೋಶಗಳಲ್ಲಿ ಈ ಪ್ರೋಟೀನ್‌ನ ಜೀನ್ ಕೆಡುತ್ತದೆ, ರೋಗನಿರೋಧಕ ವ್ಯವಸ್ಥೆ ಅದನ್ನು ಹೊರಗಿನದು ಅಂತ ಹೊಡೆಯಲು ಹೋಗುತ್ತದೆ, ಆ ಹೊಡೆತ ಚರ್ಮ, ಸ್ನಾಯುಗಳ ಮೇಲೂ ಬೀಳುತ್ತದೆ. ಕ್ಯಾನ್ಸರ್ ಬಹುಪಾಲು ರೋಗ ಗೊತ್ತಾಗುವ ಮೂರು ವರ್ಷ ಹಿಂದೆ ಮುಂದೆ ಕಾಣಿಸುವುದೂ ಇದಕ್ಕೆ ಹೊಂದುತ್ತದೆ. ಆದರೆ ಮಕ್ಕಳಲ್ಲಿ ಇದೇ ಆಂಟಿಬಾಡಿ ಬಂದರೆ ಕ್ಯಾನ್ಸರ್ ನಂಟಿಲ್ಲ. ವೈವಾ ಪರೀಕ್ಷೆಯಲ್ಲಿ ಕೇಳುವುದು ಇದನ್ನೇ.

ಉಳಿದ ಆಂಟಿಬಾಡಿಗಳು ಬೇಗ ಮುಗಿಯುತ್ತವೆ. ಎನ್‌ಎಕ್ಸ್‌ಪಿ2 ಕೂಡ ದೊಡ್ಡವರಲ್ಲಿ ಕ್ಯಾನ್ಸರ್ ಅಪಾಯದ ಪಟ್ಟಿಯಲ್ಲಿದೆ, ಜೊತೆಗೆ ಚರ್ಮದಡಿ ಕ್ಯಾಲ್ಸಿಯಂ ಗಟ್ಟಿಯಾಗುವುದು. ಎಂಡಿಎ5 ಇದ್ದರೆ ಮೊದಲ ಭಯ ಶ್ವಾಸಕೋಶದ್ದು, ಕ್ಯಾನ್ಸರ್‌ದಲ್ಲ. ಇದರಲ್ಲಿ ಎಎನ್‌ಎ (ಇಂಥ ರೋಗಗಳಿಗೆ ಮೊದಲು ಮಾಡಿಸುವ ರಕ್ತಪರೀಕ್ಷೆ) ಎಷ್ಟೋ ಸಲ ನೆಗೆಟಿವ್ ಇರುತ್ತದೆ, ಅದನ್ನು ನೋಡಿ ಸುಮ್ಮನಾಗಬಾರದು. ಜೋ-1 ಕಡಿಮೆ ಅಪಾಯದ ಕಡೆ.

ಈಗ ನೆಗೆಟಿವ್ ಬಂದರೂ ಕ್ಯಾನ್ಸರ್ ಇರುವ ಆ ನಾಲ್ಕು ಜನರ ವಿಷಯ. 2023ರಲ್ಲಿ ಐಮ್ಯಾಕ್ಸ್ ಅನ್ನುವ, ಸ್ನಾಯು ಉರಿಯೂತ ತಜ್ಞರ ಅಂತರರಾಷ್ಟ್ರೀಯ ಗುಂಪು ಕೊಟ್ಟ ಮಾರ್ಗಸೂಚಿಯಲ್ಲಿ ಹೆಚ್ಚು ಅಪಾಯದ ಅಂಶಗಳು ಹೀಗಿವೆ: ಡರ್ಮಟೋಮಯೋಸೈಟಿಸ್ ಆಗಿರುವುದು, ಟಿಐಎಫ್1-ಗ್ಯಾಮಾ ಅಥವಾ ಎನ್‌ಎಕ್ಸ್‌ಪಿ2 ಆಂಟಿಬಾಡಿ, 40 ದಾಟಿದ ಮೇಲೆ ಶುರುವಾಗಿರುವುದು, ಔಷಧ ಕೊಟ್ಟರೂ ರೋಗ ಜೋರಾಗೇ ಉಳಿಯುವುದು, ನುಂಗಲು ಜಾಸ್ತಿ ಕಷ್ಟ, ಚರ್ಮ ಸತ್ತು ಹುಣ್ಣಾಗುವುದು. ಇವುಗಳಲ್ಲಿ ಎರಡಿದ್ದರೆ ಹೆಚ್ಚು ಅಪಾಯದ ಗುಂಪು, ಅಂದರೆ ಕುತ್ತಿಗೆಯಿಂದ ಕಿಬ್ಬೊಟ್ಟೆವರೆಗೆ ಸಿಟಿ ಮತ್ತಿತರ ಪರೀಕ್ಷೆ. ಇನ್ನೊಮ್ಮೆ ಎಣಿಸಿ ನೋಡಿ. 52 ವರ್ಷದವರಿಗೆ ಹೊಸದಾಗಿ ಡರ್ಮಟೋಮಯೋಸೈಟಿಸ್ ಬಂದರೆ ಆಗಲೇ ಎರಡಾಯಿತು, ಅಲ್ವಾ? ಆಂಟಿಬಾಡಿ ರಿಪೋರ್ಟ್ ಇನ್ನೂ ಲ್ಯಾಬಿನಿಂದ ಬಂದೇ ಇಲ್ಲ.