ಓದುಗರ ಪ್ರಶ್ನೆ: ‘ಮೋಸ’ಕ್ಕೆ ವಿರುದ್ಧ ಪದ ಯಾವುದು?

ಪ್ರಶ್ನೆ: ಮಗಳ ಹೋಂವರ್ಕ್‌ನಲ್ಲಿ ‘ಮೋಸ’ಕ್ಕೆ ವಿರುದ್ಧ ಪದ ಕೇಳಿದ್ದಾರೆ. ನಿಜ, ಸತ್ಯ, ಪ್ರಾಮಾಣಿಕತೆ ಅಂತ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಉತ್ತರ. ಯಾವುದು ಸರಿ? ಹಾಗೇ ಮೋಸ, ವಂಚನೆ, ದ್ರೋಹ ಮೂರೂ ಒಂದೇನಾ?

ಉತ್ತರ: ಸದ್ಯಕ್ಕೆ ‘ಪ್ರಾಮಾಣಿಕತೆ’ ಅಂತ ಬರೆಸಿ. ನಿಜ, ಸತ್ಯ ಎರಡೂ ಸುಳ್ಳಿಗೆ ವಿರುದ್ಧ, ಮೋಸಕ್ಕಲ್ಲ. ಒಂದೂ ಸುಳ್ಳಾಡದೆ ಮೋಸ ಮಾಡಬಹುದಲ್ವಾ?

ಹೋದ ಬೇಸಿಗೆಯಲ್ಲಿ ಗಾಡಿಯವನ ಹತ್ತಿರ ಎರಡು ಕೆಜಿ ಬಾದಾಮಿ ಮಾವಿನಹಣ್ಣು ತಂದೆ. ಮೇಲಿನ ಸಾಲು ಅರಿಶಿನದ ಹಾಗೆ ಹಳದಿ. ಮನೆಗೆ ಬಂದು ಚೀಲ ಸುರಿದರೆ, ಅಡಿಯಲ್ಲಿದ್ದ ನಾಲ್ಕು ಹಣ್ಣಿಗೆ ತೊಟ್ಟಿನ ಹತ್ತಿರ ಕಪ್ಪು. ಒತ್ತಿದರೆ ಬೆರಳೇ ಒಳಗೆ ಹೋಯಿತು. ‘ಮೋಸ ಮಾಡಿಬಿಟ್ಟ’ ಅಂದೆ. ಅಮ್ಮ ಒಪ್ಪಲಿಲ್ಲ. ‘ಚೆನ್ನಾಗಿದೆ ಅಂತ ಅವನೇನು ಆಣೆ ಇಟ್ಟಿದ್ನಾ? ನಾನು ಯಾಮಾರಿದೆ ಅನ್ನು’ ಅಂದಳು.

ಒಂದೇ ಮಾತಲ್ಲಿ ತಪ್ಪು ಗಾಡಿಯಿಂದ ನನ್ನ ತಲೆಗೆ ಬಂತು! ‘ಯಾಮಾರು’ ಅಂದರೆ ಮೈಮರೆತು ಮೋಸಹೋಗುವುದು. ಪುಸ್ತಕದಲ್ಲಿ ಇದು ‘ಏಮಾರು’. ತಮಿಳು, ತೆಲುಗಿನಲ್ಲೂ ಇದರ ನೆಂಟರಿದ್ದಾರೆ. ಇದಕ್ಕೆ ವಿರುದ್ಧ ಪ್ರಾಮಾಣಿಕತೆ ಆಗುವುದಿಲ್ಲ, ‘ಹುಷಾರು’ ಆಗುತ್ತದೆ.

ವಂಚನೆ ಹೆಚ್ಚಾಗಿ ಪೇಪರ್ ಮತ್ತು ಪೊಲೀಸ್ ಠಾಣೆಯ ಮಾತು. ಚೀಟಿ ದುಡ್ಡು, ಸೈಟು, ಕೆಲಸ ಕೊಡಿಸುತ್ತೇನೆ ಅಂದವನು, ಇಂಥ ಕಡೆ ಬರುತ್ತದೆ. 1860ರ ಭಾರತೀಯ ದಂಡ ಸಂಹಿತೆಯಲ್ಲಿ ವಂಚನೆಗೆ ಹಾಕುತ್ತಿದ್ದದ್ದು 420ನೇ ಸೆಕ್ಷನ್. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದ ಮೇಲೆ ಅದು 318ಕ್ಕೆ ಹೋಗಿದೆ. ಆದರೆ ‘ಅವನೊಬ್ಬ ಫೋರ್ ಟ್ವೆಂಟಿ’ ಅನ್ನುವ ಬೈಗುಳ ಮಾತ್ರ ಜಾಗ ಬಿಟ್ಟು ಕದಲಿಲ್ಲ. ‘ತ್ರೀ ಏಟೀನ್’ ಅಂತ ಬೈದರೆ ಯಾರಿಗೆ ನಾಟುತ್ತದೆ ಹೇಳಿ.

ಅದೇ ಕಾನೂನಿನಲ್ಲಿ ನಂಬಿಕೆ ದ್ರೋಹಕ್ಕೆ ಬೇರೆಯೇ ಸೆಕ್ಷನ್ ಇದೆ, 316. ವಂಚಕ ನಿಮಗೆ ಸುಳ್ಳು ನಂಬಿಸಿ ದುಡ್ಡು ಕೀಳುತ್ತಾನೆ. ದ್ರೋಹಿಗೆ ನೀವೇ ನಂಬಿ ಕೊಟ್ಟಿರುತ್ತೀರಿ, ಅವನು ಆಮೇಲೆ ನುಂಗುತ್ತಾನೆ. ನಮ್ಮ ಮಾತಿನಲ್ಲೂ ಹಾಗೇ. ಗುರುತು ಪರಿಚಯ ಇಲ್ಲದವನು ಮೋಸ ಮಾಡಬಹುದು, ದ್ರೋಹ ಮಾಡೋಕೆ ಮೊದಲು ಹತ್ತಿರದವನಾಗಿರಬೇಕು. ಅದಕ್ಕೇ ‘ಉಂಡ ಮನೆಗೆ ಎರಡು ಬಗೆದ’ ಅನ್ನುವುದು. ಇದಕ್ಕೆ ವಿರುದ್ಧವಾಗಿ ಪುಸ್ತಕದವರು ‘ನಿಷ್ಠೆ’ ಅನ್ನುತ್ತಾರೆ. ನನಗೆ ‘ನಿಯತ್ತು’ ಇಷ್ಟ. ಅರಬ್ಬಿ ಮೂಲದಲ್ಲಿ ಅದಕ್ಕೆ ‘ಉದ್ದೇಶ’ ಅಂತ ಅರ್ಥ. ಕನ್ನಡಕ್ಕೆ ಬಂದು ಒಳ್ಳೆಯ ಉದ್ದೇಶವಷ್ಟೇ ಉಳಿಯಿತು, ಅದರಲ್ಲೂ ಜಾಸ್ತಿ ಪಾಲು ನಾಯಿಗೇ ಹೋಯಿತು.

ಇನ್ನು ಟೋಪಿ, ಪಂಗನಾಮ, ಮಂಕುಬೂದಿ ಎಲ್ಲ ನಿಮಗೇ ಗೊತ್ತು. ಚಳ್ಳೆಹಣ್ಣಿನ ವಿಷಯ ಮಾತ್ರ ಸ್ವಲ್ಪ ಹೇಳಬೇಕು. ಅದು ನಿಜವಾಗಿಯೂ ಇರುವ ಹಣ್ಣು. ತಿರುಳು ಎಷ್ಟು ಅಂಟೆಂದರೆ ಕಾಗದ ಅಂಟಿಸಬಹುದು. ಇದನ್ನು ತಿನ್ನುವವರು ಹೆಚ್ಚಾಗಿ ಪೊಲೀಸರೇ: ‘ಪೊಲೀಸರಿಗೆ ಚಳ್ಳೆಹಣ್ಣು ತಿನ್ನಿಸಿ ಪರಾರಿ’. ಹಣ್ಣಂಗಡಿಯವನು ಗಿರಾಕಿಗೆ ಚಳ್ಳೆಹಣ್ಣು ತಿನ್ನಿಸಿದ ಅಂತ ನಾನು ಓದಿಲ್ಲ. ಹಿಡಿಯಲು ಬಂದವರಿಂದ ತಪ್ಪಿಸಿಕೊಂಡರೇ ಆ ಮಾತು ಕೂರುತ್ತದೆ. ‘ಕೈಕೊಡು’ ಇದಕ್ಕಿಂತ ಉದಾರಿ. ಗೆಳೆಯನೂ ಕೈಕೊಡುತ್ತಾನೆ, ಮಳೆಯೂ ಕೈಕೊಡುತ್ತದೆ. ಮಳೆಗೆ ದುರುದ್ದೇಶ ಎಲ್ಲಿಂದ ಬರಬೇಕು?

ಮಗಳಿಗೆ ಇನ್ನೊಂದು ಹೇಳಿಕೊಡಿ. ‘ಮೋಸಗೊಳಿಸಲ್ಪಟ್ಟನು’ ಅಂತ ಬರೆಯುವುದು ಬೇಡ. ಮೋಸ ಹೋದ, ಟೋಪಿ ಹಾಕಿಸಿಕೊಂಡ, ಅಷ್ಟು ಸಾಕು.

ಆ ನಾಲ್ಕು ಹಣ್ಣನ್ನು ಅಮ್ಮ ಎಸೆಯಲಿಲ್ಲ. ಕಪ್ಪು ಭಾಗ ಕೆತ್ತಿ, ಉಳಿದದ್ದಕ್ಕೆ ಬೆಲ್ಲ, ಹಾಲು, ಏಲಕ್ಕಿ ಹಾಕಿ ಸೀಕರಣೆ ಮಾಡಿದಳು. ‘ಹೇಗಿದೆ?’ ಅಂತ ಕೇಳಿದಳು. ‘ರುಚಿಗೇನೂ ಮೋಸ ಇಲ್ಲ’ ಅಂದೆ.