ಮುಳುಗಿಸುತ್ತಿರುವುದು ಸಮುದ್ರವಲ್ಲ, ಬೋರ್‌ವೆಲ್

ಮೆಕ್ಸಿಕೋ ಸಿಟಿಯಲ್ಲಿ ಚಿನ್ನದ ರೆಕ್ಕೆಯ ದೇವತೆಯನ್ನು ಹೊತ್ತ ಸ್ವಾತಂತ್ರ್ಯ ಸ್ತಂಭವೊಂದಿದೆ. 1910ರಲ್ಲಿ ಉದ್ಘಾಟನೆಯಾದ ಮೇಲೆ ಅದಕ್ಕೆ 14 ಮೆಟ್ಟಿಲು ಹೊಸದಾಗಿ ಸೇರಿಸಬೇಕಾಯಿತು. ಸ್ತಂಭ ಬೆಳೆದದ್ದಲ್ಲ, ಸುತ್ತಲಿನ ಊರೇ ಕೆಳಗಿಳಿದದ್ದು.

ನಗರಗಳು ಮುಳುಗುತ್ತಿವೆ ಎಂದ ಕೂಡಲೇ ಎಲ್ಲರೂ ಸಮುದ್ರದತ್ತ ಬೆರಳು ತೋರಿಸುತ್ತಾರೆ. ಸಮುದ್ರ ಏರುತ್ತಿರುವುದು ನಿಜವೇ, ವರ್ಷಕ್ಕೆ ಸರಾಸರಿ ಮೂರು-ನಾಲ್ಕು ಮಿಲಿಮೀಟರ್. ಆದರೆ 2,240 ಮೀಟರ್ ಎತ್ತರದಲ್ಲಿರುವ ಮೆಕ್ಸಿಕೋ ಸಿಟಿಯ ಕೆಲವು ಭಾಗಗಳು ವರ್ಷಕ್ಕೆ ಅರ್ಧ ಮೀಟರ್‌ನಷ್ಟು ಕುಸಿಯುತ್ತಿವೆಯಲ್ಲ, ಅಲ್ಲಿಗೆ ಯಾವ ಸಮುದ್ರ ಬಂತು?

ಸ್ಪೇನಿನವರು ಬರುವ ಮೊದಲು ಅಲ್ಲಿ ಆಳುತ್ತಿದ್ದ ಅಜ್ಟೆಕರ ಸರೋವರವನ್ನು ಸ್ಪೇನಿನವರು ಬಸಿದು ಬೆಳೆಸಿದ ಊರದು. ಅಡಿಯಲ್ಲಿರುವುದು ಸರೋವರದ ಜೇಡಿ. ಜೇಡಿಯ ಕಣಗಳು ಚಪ್ಪಟೆ. ಬೇಕಾಬಿಟ್ಟಿ ಎಸೆದ ಇಸ್ಪೀಟ್ ಎಲೆಗಳ ರಾಶಿಯಂತೆ ಅಡ್ಡಾದಿಡ್ಡಿ ಬಿದ್ದಿರುತ್ತವೆ, ಸಂದಿಗಳಲ್ಲೆಲ್ಲ ನೀರು. ಮೇಲಿನ ಭಾರವನ್ನು ಕಣಗಳೂ ನೀರೂ ಪಾಲು ಹಂಚಿಕೊಂಡು ಹೊರುತ್ತವೆ. ಮಣ್ಣಿನ ಎಂಜಿನಿಯರಿಂಗ್‌ನ ಪಿತಾಮಹ ಕಾರ್ಲ್ ಟೆರ್ಜಾಗಿ 1920ರ ದಶಕದಲ್ಲಿ ಕೊಟ್ಟ ಈ ಸರಳ ಲೆಕ್ಕ ನನಗೆ ಇಂದಿಗೂ ಮೋಜು. ಬೋರ್‌ವೆಲ್ ನೀರೆಳೆದರೆ ನೀರಿನ ಒತ್ತಡ ಇಳಿಯುತ್ತದೆ. ಅದು ಹೊರುತ್ತಿದ್ದ ಪಾಲೂ ಕಣಗಳ ತಲೆಗೇ ಬರುತ್ತದೆ. ಎಲೆಗಳು ಒಂದರ ಮೇಲೊಂದು ಒತ್ತಿ ಮಲಗುತ್ತವೆ. ಆಮೇಲೆ ನೀರು ತುಂಬಿಸಿದರೂ ಅವು ಹೆಚ್ಚುಕಡಿಮೆ ಮಲಗಿಯೇ ಇರುತ್ತವೆ. ಜೇಡಿಯಿಂದ ನೀರು ಜಿನುಗುವುದೂ ನಿಧಾನ, ಹಾಗಾಗಿ ಇವತ್ತು ಎಳೆದ ನೀರಿನ ಕುಸಿತ ವರ್ಷಗಟ್ಟಲೆ ಸಾಗುತ್ತದೆ.

(ಬೆಂಗಳೂರಿನ ಅಡಿಯಲ್ಲಿರುವುದು ಗಟ್ಟಿ ಬಂಡೆ. ಸಾವಿರ ಅಡಿ ಕೊರೆದರೂ ನೆಲ ಹೀಗೆ ಮೀಟರ್‌ಗಟ್ಟಲೆ ಕುಸಿಯುವುದಿಲ್ಲ, ನಮಗೆ ಬರೀ ನೀರು ಬತ್ತುತ್ತದೆ.)

ಜಕಾರ್ತದ್ದೂ ಇದೇ ಕಥೆ. ಊರು ಬೆಳೆದ ವೇಗಕ್ಕೆ ನಲ್ಲಿ ಪೈಪು ಬೆಳೆಯಲಿಲ್ಲ. ಮನೆ, ಹೋಟೆಲು, ಕಾರ್ಖಾನೆ ಎಲ್ಲವೂ ನೆಲಕ್ಕೆ ಪಂಪು ಇಳಿಸಿದವು. ರಾಜಧಾನಿಯನ್ನೇ ಬೋರ್ನಿಯೋ ದ್ವೀಪಕ್ಕೆ ಒಯ್ಯುವುದಾಗಿ ಇಂಡೋನೇಷ್ಯಾ 2019ರಲ್ಲಿ ಘೋಷಿಸಿತು. ಸರ್ಕಾರಿ ಕಚೇರಿಗಳೇನೋ ಹೋದಾವು, ಅಲ್ಲೇ ಉಳಿಯುವ ಕೋಟಿ ಜನರ ನೀರಿಗೆ ಇದು ಉತ್ತರವಲ್ಲ.

ಉತ್ತರ ಟೋಕಿಯೋದಲ್ಲಿದೆ. ಅದರ ಪೂರ್ವಭಾಗದ ತಗ್ಗು ಪ್ರದೇಶ ಕೆಲವೆಡೆ ನಾಲ್ಕು ಮೀಟರ್‌ಗೂ ಹೆಚ್ಚು ಇಳಿದಿತ್ತು. ಎರಡನೇ ಮಹಾಯುದ್ಧದ ಕೊನೆಗೆ ಬಾಂಬ್ ದಾಳಿಯಿಂದ ಕಾರ್ಖಾನೆಗಳು ಸ್ತಬ್ಧವಾದಾಗ ಕುಸಿತವೂ ಬಹುಪಾಲು ನಿಂತಿತು! ಕಾರ್ಖಾನೆ ಮತ್ತೆ ಶುರುವಾದಾಗ ಕುಸಿತವೂ ಶುರು. ಯಾರೂ ಯೋಜಿಸದ ಪ್ರಯೋಗ, ಆದರೆ ಇದಕ್ಕಿಂತ ಸ್ಪಷ್ಟ ಪುರಾವೆ ಬೇಕೇ? 1956 ಮತ್ತು 1962ರ ಕಾನೂನುಗಳು ಕಾರ್ಖಾನೆ, ಕಟ್ಟಡಗಳ ಪಂಪಿಗೆ ಕಡಿವಾಣ ಹಾಕಿದವು, ಬದಲಿಗೆ ನದಿನೀರು ಬಂತು. 1970ರ ದಶಕದಲ್ಲಿ ಕುಸಿತ ಹೆಚ್ಚುಕಡಿಮೆ ನಿಂತೇಹೋಯಿತು. ಇಳಿದ ನೆಲ ಮಾತ್ರ ಮೇಲೇಳಲಿಲ್ಲ. ಅಲ್ಲಿನ ಹಲವು ಬಡಾವಣೆಗಳು ಇಂದಿಗೂ ಸಮುದ್ರ ಮಟ್ಟಕ್ಕಿಂತ ಕೆಳಗಿವೆ, ತಡೆಗೋಡೆ ಮತ್ತು ಪಂಪುಗಳ ಕಾವಲಿನಲ್ಲಿ.