ದುಡ್ಡು ಕೊಡಬೇಡಿ, ಚಾಟ್ ಅಳಿಸಬೇಡಿ

ನನ್ನ ಆಫೀಸಿಗೆ ಬರುವ ಹುಡುಗರು ಎರಡು ಕೆಲಸ ಮುಗಿಸಿಯೇ ಬಂದಿರುತ್ತಾರೆ. ಗಂಡಸಿನ ಜೊತೆಗಿನ ಸಂಬಂಧವನ್ನು ಬಯಲು ಮಾಡ್ತೀನಿ ಅಂತ ಹೆದರಿಸಿದವನಿಗೆ ದುಡ್ಡು ಕೊಟ್ಟಿರುತ್ತಾರೆ, ಫೋನಿನಲ್ಲಿದ್ದದ್ದನ್ನೆಲ್ಲ ಅಳಿಸಿರುತ್ತಾರೆ. ಆಮೇಲೆ ಕುರ್ಚಿಯ ತುದಿಗೆ ಕೂತು ಕೇಳುತ್ತಾರೆ, "ವಕೀಲ್ರ, ನನ್ನ ಒಳಗ ಹಾಕ್ತಾರೇನ್ರಿ?"

ಇಲ್ಲ. ಹದಿನೆಂಟು ದಾಟಿದ ಇಬ್ಬರು ಗಂಡಸರು, ಅಥವಾ ಇಬ್ಬರು ಹೆಂಗಸರು, ಇಬ್ಬರ ಒಪ್ಪಿಗೆಯಿಂದ ನಾಲ್ಕು ಗೋಡೆಯೊಳಗೆ ಕೂಡಿದರೆ ಈ ದೇಶದಲ್ಲಿ ಅದು ಅಪರಾಧ ಅಲ್ಲ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು ಒಮ್ಮತದಿಂದ ಹಾಗೆಂದು ತೀರ್ಪು ಕೊಟ್ಟಿದ್ದಾರೆ.

ಗೊಂದಲ ಯಾಕೆ ಅಂತ ಗೊತ್ತು. ಇಂಥ ಸಂಬಂಧವನ್ನು ಅಪರಾಧ ಅಂದದ್ದು ಹಳೆಯ ದಂಡ ಸಂಹಿತೆಯ, ಅಂದರೆ ಐಪಿಸಿಯ, 377ನೇ ಸೆಕ್ಷನ್; ಬ್ರಿಟಿಷರು 1860ರಲ್ಲಿ ಬರೆದದ್ದು. ಹತ್ತು ವರ್ಷದವರೆಗೆ ಜೈಲು, ಇಲ್ಲವೇ ಜೀವಾವಧಿ. ಇಂಗ್ಲೆಂಡಿನಲ್ಲಿ ಅಂಥ ಕಾನೂನನ್ನು ಅವರು 1967ರಲ್ಲೇ ಸಡಿಲಿಸಿಕೊಂಡರು, ನಾವು ಇಟ್ಟುಕೊಂಡೆವು. 2009ರಲ್ಲಿ ದೆಹಲಿ ಹೈಕೋರ್ಟ್ ಒಪ್ಪಿಗೆಯ ಸಂಬಂಧವನ್ನು ಅದರಿಂದ ಹೊರಗಿಟ್ಟಿತು, 2013ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಒಳಗೆ ತಂದಿತು, 2018ರಲ್ಲಿ ಮತ್ತೆ ಹೊರಗೆ. ಹುಬ್ಬಳ್ಳಿಯ ದುರ್ಗದಬೈಲಿನ ಅಂಗಡಿಯಲ್ಲಿ ದುಡಿಯುವ ಹುಡುಗನಿಗೆ ಇದರಲ್ಲಿ ಕೊನೆಯ ಮಾತು ಯಾವುದು ಅಂತ ಹೇಗೆ ತಿಳಿಯಬೇಕು? ಹೆದರಿಸುವವನಿಗೆ ಮಾತ್ರ ಸೆಕ್ಷನ್ ನಂಬರ್ ಬಾಯಿಪಾಠ. 2024ರ ಜುಲೈ 1ರಿಂದ ಐಪಿಸಿಯೇ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಅದರಲ್ಲಿ 377ರಂಥ ಸೆಕ್ಷನ್ನೇ ಇಲ್ಲ.

ಇಷ್ಟು ಹೇಳಿದ ಮೇಲೂ ಇನ್ನೊಂದು ಪ್ರಶ್ನೆ ಬರುತ್ತದೆ. "ಆದ್ರ ನಾ ಅವಂಗ ಲವ್ ಯೂ ಅಂತ ಮೆಸೇಜ್ ಹಾಕೀನ್ರಿ." ಹಾಕಿದರೆ ಹಾಕಿದಿ ಮಾರಾಯ, ಅದು ನಿನ್ನ ಪ್ರೀತಿ. ಆದರೂ ಈ ಹೆದರಿಕೆ ಸುಮ್ನೆ ಹುಟ್ಟಿದ್ದಲ್ಲ. 2011ರಲ್ಲಿ ಕ್ಯಾಮರೂನ್ ದೇಶದಲ್ಲಿ ರೋಜೆ ಎಂಬೆದೆ ಎಂಬ ಯುವಕ ಇನ್ನೊಬ್ಬ ಗಂಡಸಿಗೆ ಪ್ರೀತಿಯ ಮೆಸೇಜ್ ಕಳಿಸಿದ್ದಕ್ಕೆ ಮೂರು ವರ್ಷ ಜೈಲು ಶಿಕ್ಷೆಯಾಯಿತು. ಜೈಲಿನಲ್ಲಿ ಆರೋಗ್ಯ ಕೆಟ್ಟಿತು, 2014ರ ಜನವರಿಯಲ್ಲಿ ತೀರಿಕೊಂಡರು. ಅವರನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಆದರೆ ಆ ಕಾನೂನು ಆ ದೇಶದ್ದು. ಇಲ್ಲಿ ನಿಮ್ಮ ಮೆಸೇಜ್ ನಿಮ್ಮ ವಿರುದ್ಧದ ಸಾಕ್ಷಿ ಅಲ್ಲ, ಅದನ್ನು ತೋರಿಸಿ ದುಡ್ಡು ಕೇಳಿದವನ ವಿರುದ್ಧದ ಸಾಕ್ಷಿ.

ಇದನ್ನೇ ಬಿಡಿಸಿ ಬಿಡಿಸಿ ಹೇಳಬೇಕಾಗಿದೆ. "ನಿಮ್ಮ ಮನೆಗೆ ಹೇಳ್ತೀನಿ, ವಿಡಿಯೋ ಬಿಡ್ತೀನಿ" ಅಂತ ಹೆದರಿಸಿ ದುಡ್ಡು ಕಿತ್ತರೆ ಅದು ಸುಲಿಗೆ. ಮೈಗೆ ಏಟು ಬಿದ್ದಿರಬೇಕು ಅಂತೇನಿಲ್ಲ, ಮಾನ ಕಳೆಯುವ ಬೆದರಿಕೆಯೂ ಸಾಕು. ಹೊಸ ಸಂಹಿತೆಯ 308ನೇ ಸೆಕ್ಷನ್, ಏಳು ವರ್ಷದವರೆಗೆ ಜೈಲು. ಅಂದರೆ ಜೈಲಿಗೆ ಹೆದರಬೇಕಾದವನು ಅವನು. ನೀವಲ್ಲ.

ಹೋದ ವರ್ಷ ಬಂದ ಒಬ್ಬ ಹುಡುಗ ಚಾಟ್ ಪೂರ್ತಿ ಅಳಿಸಿದ್ದ. ದುಡ್ಡು ಹಾಕಿದ ಲೆಕ್ಕ ಮಾತ್ರ ಫೋನಿನಲ್ಲಿ ಉಳಿದಿತ್ತು. ಎರಡು ಸಾವಿರ, ಐದು ಸಾವಿರ, ಹನ್ನೆರಡು ಸಾವಿರ, ಎಲ್ಲ ಒಂದೇ ನಂಬರಿಗೆ. ಪ್ರತಿ ಸಲವೂ ಕೆಳಗೆ "ಲಾಸ್ಟ್" ಅಂತ ಟೈಪ್ ಮಾಡಿದ್ದ. ಕೊಟ್ಟರೆ ನಿಲ್ಲುವುದಿಲ್ಲ ಅನ್ನುವುದಕ್ಕೆ ಬೇರೆ ಪುರಾವೆ ಬೇಕಾ? ಆ ಲೆಕ್ಕ ಇಟ್ಟುಕೊಂಡೇ ದೂರು ಬರೆದೆವು. ಠಾಣೆಯಲ್ಲಿ ಮೊದಲು "ರಾಜಿ ಮಾಡ್ಕೋರಿ" ಅಂದರು, ಪಟ್ಟು ಹಿಡಿದು ಕೂತ ಮೇಲೆ ಎಫ್‌ಐಆರ್ ಆಯಿತು. ಮನೆಯವರಿಗೆ ಗೊತ್ತಾಗುವುದೇ ಇಲ್ಲ ಅಂತ ಅವನಿಗೆ ಮಾತು ಕೊಡಲು ನನ್ನಿಂದ ಆಗಲಿಲ್ಲ. ಯಾವ ವಕೀಲರೂ ಅಂಥ ಮಾತು ಕೊಡಬಾರದು. ದುಡ್ಡು ಈಗಷ್ಟೇ ಹೋಗಿದ್ದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ವಕೀಲರ ಫೀಸಿಗೆ ದಾರಿ ಇಲ್ಲದಿದ್ದರೆ ಕಾನೂನು ನೆರವಿಗೆ 15100 ಇದೆ.

ಎಚ್ಚರಿಕೆಯ ಮಾತೂ ಇದೆ. ಇಬ್ಬರಲ್ಲಿ ಒಬ್ಬರಿಗೆ ಹದಿನೆಂಟು ತುಂಬಿಲ್ಲ ಅಂದರೆ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಯುವ ಪೋಕ್ಸೊ ಕಾಯ್ದೆ ಬರುತ್ತದೆ, ಅಲ್ಲಿ ಒಪ್ಪಿಗೆಯ ಮಾತೇ ಇಲ್ಲ. ಕೆಲಸಕ್ಕೆ ಸೌದಿ, ಕತಾರ್ ಕಡೆ ಹೋಗುವವರಿಗೆ ಅಲ್ಲಿಯ ಕಾನೂನು, ಅಲ್ಲಿ ಇದು ಇವತ್ತಿಗೂ ಅಪರಾಧ. ಪ್ರತಿ ಕೇಸಿನ ವಿವರ ಬೇರೆ, ಇದನ್ನು ಓದಿ ನೀವೇ ತೀರ್ಮಾನ ಮಾಡಿಕೊಳ್ಳಬೇಡಿ.

ಇನ್ನು ಅಪ್ಪ ಅಮ್ಮಂದಿರು. ಹಾವೇರಿ ಕಡೆಯ ಗಂಡ ಹೆಂಡತಿ ಬಂದಿದ್ದರು, ಮಗಳಿಗೆ ಇಪ್ಪತ್ಮೂರು. ಗೆಳತಿಯ ಜೊತೆ ಹುಬ್ಬಳ್ಳಿಯಲ್ಲಿ ರೂಮ್ ಮಾಡಿಕೊಂಡಿದ್ದವಳನ್ನು ಕರೆದೊಯ್ದು, ಫೋನ್ ಕಸಿದುಕೊಂಡು, ಒಳಗಿನ ಖೋಲಿಯಲ್ಲಿ ಕೂಡಿ ಹಾಕಿದ್ದರು. "ನಮ್ಮ ಹುಡುಗೀನ ಕೆಡಿಸಿದಾಕಿ ಮ್ಯಾಲೆ ಕೇಸ್ ಹಾಕ್ರಿ" ಅಂತ ತಂದೆ. ಯಜಮಾನ್ರ, ಆಕೆಯ ಮೇಲೆ ಹಾಕಲು ಕೇಸ್ ಇಲ್ಲ, ಬಾಗಿಲಿಗೆ ಚಿಲಕ ಹಾಕಿದ ನಿಮ್ಮ ಮೇಲೆ ಆಗಬಹುದು ಅಂದೆ. ಆ ಗೆಳತಿ ಧಾರವಾಡ ಹೈಕೋರ್ಟ್ ಪೀಠಕ್ಕೆ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರೆ ಮಗಳನ್ನು ನ್ಯಾಯಮೂರ್ತಿಗಳ ಮುಂದೆ ನಿಲ್ಲಿಸಬೇಕಾಗುತ್ತದೆ. ಇಂಥ ಅರ್ಜಿ ಬಂದಾಗ ಆ ವ್ಯಕ್ತಿಯ ಮನಸ್ಸಿನಲ್ಲಿ ಏನಿದೆ ಅಂತ ಕೇಳಿ ತಿಳಿಯಬೇಕು, ಕೌನ್ಸೆಲಿಂಗ್ ಹೆಸರಿನಲ್ಲಿ ಮನಸ್ಸು ತಿರುಗಿಸಲು ಹೋಗಬಾರದು ಅಂತ ಸುಪ್ರೀಂ ಕೋರ್ಟ್ 2024ರ ಮಾರ್ಚಿನಲ್ಲಿ ಹೇಳಿದೆ.

ತಂದೆ ಸಿಟ್ಟಿನಿಂದ ಎದ್ದು ಹೊರಗೆ ಹೋದರು. ತಾಯಿ ಎದ್ದಿರಲಿಲ್ಲ. "ಅಕಿ ಜೋಡಿ ಮದುವಿ ಆಗ್ತಾಳೇನ್ರಿ?" ಅಂತ ಕೇಳಿದರು. ಇಲ್ಲವ್ವ, ಅಂಥ ಮದುವೆಗೆ ಕಾನೂನಿನ ಮಾನ್ಯತೆ ಇಲ್ಲ, 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಕೊಡಲು ಒಪ್ಪಲಿಲ್ಲ, ಆದರೆ ಅವರಿಬ್ಬರು ಕೂಡಿ ಬಾಳುವುದನ್ನು ನೀವೂ ತಡೆಯುವ ಹಾಗಿಲ್ಲ, ಪೊಲೀಸರೂ ತಡೆಯುವ ಹಾಗಿಲ್ಲ ಅಂದೆ.